ಒಳಗಿನ ಮಣೆ

೩ ಜೂನ್ ೧೯೯೯, ಹುಮನಾಬಾದ್
ಮಧ್ಯಾಹ್ನ ಮತ್ತೆ ಮಾಣಿಕಮ್ಮನ ಖಾನಾವಳಿ. ಬೋರ್ಡಿನ ಮೇಲೆ ಹೊಸದಾಗಿ ಬರೆಸಿದ್ದಾರೆ — ‘ಫುಲ್ ಊಟ, ಅನ್‌ಲಿಮಿಟೆಡ್’. ಪುಂಡಿಪಲ್ಯ, ಶೇಂಗಾಹಿಂಡಿ, ಬಿಸಿ ರೊಟ್ಟಿ. ತಿಂದೆ, ತಿಂದೆ... ಸಾಕೆಂದು ತಟ್ಟೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ತುಪ್ಪ ಬಿಡುತ್ತಾರೆ.
“ನಾಚಬ್ಯಾಡ್ರಿ ಅನೀಲಕುಮಾರವ್ರೆ, ಹೊಟ್ಟಿ ನಿಮ್ದೇ ಅದ.”
ನನ್ನದು ಟೆಲಿಫೋನ್ ಕಂಬ ಹತ್ತುವ ಕೆಲಸ. ಇಷ್ಟು ಉಂಡು ಹತ್ತುವುದು ಹೇಗೆ?

೧೯ ಜೂನ್
ಗಿರಾಕಿಗಳ ಗದ್ದಲ. ಬೆಂಚು ಖಾಲಿ ಇರಲಿಲ್ಲ. “ಒಳಗ ಬರ್ರಿ, ನೀವೇನ್ ಹೊರಗಿನವ್ರೇನ್ರಿ?” ಎಂದು ಮಾಣಿಕಮ್ಮ ಒಲೆಯ ಪಕ್ಕ ಮಣೆ ಹಾಕಿದರು. ಸುಖವಾಗಿತ್ತು, ಸುಳ್ಳು ಯಾಕೆ. ರೊಟ್ಟಿ ಹಂಚಿನಿಂದ ನೇರ ತಟ್ಟೆಗೆ. ಬಡಿಸಿದ್ದು ಅವರ ಮಗಳು ಜಯಮಾಲಾ. ತಲೆ ಎತ್ತಲಿಲ್ಲ.

೨೦ ಜೂನ್
ಬೆಂಚು ಖಾಲಿ ಇತ್ತು. ಆದರೂ ಮಣೆ.

೮ ಜುಲೈ
ಉಂಡಾದ ಮೇಲೆ ಎಂದಿನಂತೆ ಊಟದ ಕೂಪನ್ ಕೊಟ್ಟೆ. ಮಾಣಿಕಮ್ಮ ಮುಟ್ಟಲಿಲ್ಲ. “ಮನಿ ಮಂದಿಗಿ ಎಂಥಾ ಕೂಪನ್ರಿ?”
ಮಜ್ಜಿಗೆ ನೆತ್ತಿಗೇರಿತು. ಒಲೆ ಪಕ್ಕ ಕೂತು ದಿನಾ ಉಣ್ಣುವವನು ಗಿರಾಕಿಯಲ್ಲ, ಅಳಿಯ. ಊರಿಗೆಲ್ಲ ಗೊತ್ತಿದ್ದದ್ದು ನನಗೆ ಇವತ್ತು ಹೊಳೆಯಿತು. ಬಸವಕಲ್ಯಾಣದಲ್ಲಿ ಸುಗಂಧಾ ಇದ್ದಾಳೆ, ಸೋದರಮಾವನ ಮಗಳು. ಚಿಕ್ಕಂದಿನಿಂದ ಅವಳೇ ಎಂದು ಆಗಿದೆ. ನನಗೂ ಅವಳೇ ಬೇಕು. ಮಾಣಿಕಮ್ಮನಿಗೆ ಹೇಳಬೇಕು. ನಾಳೆ.

೯ ಜುಲೈ
ಹೇಳಲಿಲ್ಲ. ಎಣ್ಣೆಗಾಯಿ ಮಾಡಿದ್ದರು.

೨೨ ಜುಲೈ
ಒಂದು ವಾರ ಆ ಕಡೆ ಸುಳಿಯಲಿಲ್ಲ. ಹೋಟೆಲ್ ಇಡ್ಲಿ. ಇಂದು ರೂಮಿಗೇ ಡಬ್ಬಿ ಬಂತು, ಹಿಡಿದು ತಂದವರು ಮಾಣಿಕಮ್ಮನೇ. “ಮೈಯಾಗ ಆರಾಮಿಲ್ಲೇನ್ರಿ? ಜಯಾ ಸೈತ ಸರಿಯಾಗಿ ಉಣವಲ್ಲಳು.”
ಓಣಿಯ ಬಾಗಿಲುಗಳೆಲ್ಲ ತೆರೆದಿದ್ದವು. ‘ನಾಳೆ ಬರ್ತೀನ್ರಿ’ ಅಂದುಬಿಟ್ಟೆ. ಹೇಡಿ ನಾನು. ಉಂಡ ಮನೆಗೆ ಎರಡು ಬಗೆಯಬಾರದು ಅಂತಾರೆ. ಉಣ್ಣುತ್ತಲೇ ಇದ್ದರೆ?

೫ ಆಗಸ್ಟ್
ಆಫೀಸಿಗೆ ಸುಗಂಧಾಳ ಅಪ್ಪ ಬಸವಣಪ್ಪ ಮಾಮನ ಫೋನ್. “ರವಿವಾರ ಬರಾಕತ್ತೇನಿ. ನೀ ಹೊಗಳತಿರ್ತಿಯಲ್ಲ ಆ ಖಾನಾವಳಿ, ಅಲ್ಲೇ ಉಂಡು ಮದುವಿ ಮಾತಾಡೋಣು.” ಬಸವಕಲ್ಯಾಣಕ್ಕೆ ಹೋದಾಗಲೆಲ್ಲ ಹೊಗಳಿದ್ದು ನಾನೇ. ಈಗ ಬೇಡ ಎನ್ನಲು ನೆಪವಿಲ್ಲ.
ಮಾಮ ಬರುತ್ತಾರೆ ಎಂದಷ್ಟೇ ಮಾಣಿಕಮ್ಮನಿಗೆ ತಿಳಿಸಿದೆ. ಮುಖ ಅರಳಿತು. ಭಯವಾಯಿತು. ಇರಲಿ, ಮಾಮನ ಜೊತೆ ಹೊರಗೆ ಬೆಂಚಿನ ಮೇಲೇ ಕೂರುತ್ತೇನೆ. ನಾನು ಬರೀ ಗಿರಾಕಿ ಎಂದು ಮಾಣಿಕಮ್ಮ ತಾವಾಗಿಯೇ ತಿಳಿದುಕೊಳ್ಳುತ್ತಾರೆ.

೮ ಆಗಸ್ಟ್, ರವಿವಾರ, ಸಂಜೆ
ಬೆಂಚಿನ ಮೇಲೆ ಕೂತೆವು. ಮಾಣಿಕಮ್ಮ ಸೆರಗು ಹೊದ್ದು ಬಂದರು. “ಹಿರ್ಯಾರು ಬಂದೀರಿ. ಒಳಗ ಬರ್ರಿ.” ಒಲೆ ಪಕ್ಕ ಎರಡು ಮಣೆ ಆಗಲೇ ಹಾಕಿತ್ತು. ಹೋಳಿಗೆ, ತುಪ್ಪ. ಅನ್‌ಲಿಮಿಟೆಡ್ ಅಂದರೆ ಹೀಗೇ ಎಂದು ಮಾಮ ಖುಷಿಯಾಗಿ ಉಂಡರು.
“ಮದುವಿ ಯಾವಾಗ ಇಡೋಣ್ರಿ?” ಮಾಣಿಕಮ್ಮ ಕೇಳಿದರು.
ಮಾಮನಿಗೆ ಅದು ಸುಗಂಧಾಳ ಮದುವೆಯೇ. “ದೀಪಾವಳಿ ಆದ್ಮ್ಯಾಲ. ನೀವೂ ಬರಬೇಕ್ರಿ ತಂಗಿ.”
ಮಾಣಿಕಮ್ಮ ನಕ್ಕರು. “ನನ್ನ ಮಗಳ ಮದುವಿಗಿ ನಾ ಬರಲಾರ್ದೆ ಇರ್ತೀನೇನ್ರಿ?”
ಮಾಮ ನನ್ನನ್ನು ನೋಡಿದರು. ಮಣೆ ನೋಡಿದರು. ತಟ್ಟೆಯಲ್ಲೇ ಕೈ ತೊಳೆದುಬಿಟ್ಟರು.
ನನ್ನ ಬಾಯಿ ತುಂಬ ಹೋಳಿಗೆ. ಜಯಮಾಲಾ ಮೊದಲ ಸಲ ತಲೆ ಎತ್ತಿ ನೋಡಿ, ಇನ್ನೊಂದು ಹಾಕಿದಳು. ಕೈ ಅಡ್ಡ ಹಿಡಿಯಲಿಲ್ಲ. ತಿಂದೆ.
ಬಸ್ ಹತ್ತುವಾಗ ಮಾಮ ಒಂದೇ ಮಾತು ಕೇಳಿದರು. “ಸುಗಂಧಾಗ ಏನಂತ ಹೇಳಲಿ?” ಬಸ್ ಹೊರಟಿತು.
ಬೆಳಗಾಗುತ್ತಲೇ ಕಲ್ಯಾಣಕ್ಕೆ ಹೋಗಿ ಅವಳ ಕಾಲು ಹಿಡಿಯುತ್ತೇನೆ. ಅದಕ್ಕೂ ಮೊದಲು ಇಲ್ಲಿ ಮಾಣಿಕಮ್ಮನಿಗೆ...
ಬಾಗಿಲಲ್ಲಿ ಡಬ್ಬಿಯ ಸದ್ದು. ಈ ಸಲ ಎದ್ದು ಹೋಗಿ ಹೇಳಿಬಿಡುತ್ತೇನೆ.