ಬಡಗಿ ತಾತನ ಬೀದಿ

ಬುಧವಾರ, ಜುಲೈ ೯

ಶಾಲೆಯ ಗೇಟಿನ ಬಳಿ ನಿಲ್ಲುವ ಆ ಮೂವರು ಹುಡುಗಿಯರು ಇವತ್ತು ನನ್ನ ಚೀಲ ಸುರಿದರು. ಪುಸ್ತಕಗಳ ಜೊತೆ ಮರದ ಸುರುಳಿಯೂ ಬಿತ್ತು.

"ಏನೇ ಕೊಕ್ಕರೆ, ಇದೆಲ್ಲಿ ಸಿಕ್ತು?"

ಇವರ ಕಣ್ಣು ತಪ್ಪಿಸಿ ನಾನು ಹಿಂದಿನ ಬೀದಿಯಿಂದ ಮನೆಗೆ ಬರುವುದು ಇವರಿಗೆ ಗೊತ್ತಿಲ್ಲ. ಅಲ್ಲಿ ಬಡಗಿ ತಾತ ಹಲಗೆ ಕೀಸುವಾಗ ಉದ್ದನೆಯ ಸುರುಳಿ ಬಂದರೆ ನನಗೆಂದು ಎತ್ತಿಡುತ್ತಾರೆ. ಅದನ್ನು ಮೂಸುತ್ತ ನಡೆದರೆ ಕೊಕ್ಕರೆ ಅನ್ನಿಸಿಕೊಂಡದ್ದೇ ಮರೆತುಹೋಗುತ್ತದೆ.

"ದೊಡ್ಡ ರಸ್ತೇಲಿ ಬಿದ್ದಿತ್ತು. ದಿನಾ ಅಲ್ಲೇ ಹೋಗೋದು ನಾನು," ಅಂದೆ. ದನಿ ನಡುಗಲಿಲ್ಲ, ನನಗೇ ಆಶ್ಚರ್ಯ.

"ಹೌದಾ? ನಾಳೆ ನಾವೂ ನಿನ್ ಜೊತೆ ಬರ್ತೀವಿ ಬಿಡು."

ತಾತನ ಬೀದಿಯ ಗುಟ್ಟು ಉಳಿಯಿತು. ನಾನು ಸಿಕ್ಕಿಬಿದ್ದೆ. ನಾಳೆ ಶಾಲೆ ಬಿಡುವ ಗಂಟೆ ಹೊಡೆಯದಿರಲಿ ಎಂದು ಬೇಡಿಕೊಳ್ಳುವವಳು ನಾನೊಬ್ಬಳೇ ಇರಬೇಕು.