ಕನ್ನಡಕವಿಲ್ಲದೆ ಸ್ನಾನಗೃಹಕ್ಕೆ

ಅಮ್ಮಾ,

ಕಣ್ಣಿಗೆ ಲೇಸರ್ ಮಾಡಿಸಿ ತಿಂಗಳು ತುಂಬಿತು. ನೀನು ಕಣ್ಮುಚ್ಚಿದ ಮೇಲೆ ಮೊದಲ ಸಲ, ಇವತ್ತು ಬುಸಾನಿನ ನಮ್ಮ ಕೇರಿಯ ಹೆಂಗಸರ ಸಾರ್ವಜನಿಕ ಸ್ನಾನಗೃಹಕ್ಕೆ ಹೋಗಿದ್ದೆ.

ಲೇಸರ್ ನನ್ನ ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರವನ್ನು, ಕೂದಲೆಳೆಯ ದಪ್ಪದಷ್ಟು ಸವೆಸಿತು, ಅಷ್ಟೆ. ಅದರ ಉಬ್ಬು ತಗ್ಗಿದ್ದರಿಂದ, ಕಣ್ಣೊಳಗಿನ ಪರದೆಗಿಂತ ಮುಂದೆಯೇ ಕೂಡುತ್ತಿದ್ದ ಬೆಳಕು ಈಗ ನೇರ ಪರದೆಯ ಮೇಲೆ ಬೀಳುತ್ತದೆ. ಕಣ್ಣೊಂದಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

ಒಳಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತುಬಿಟ್ಟೆ. ಹಬೆಯ ನಡುವೆಯೂ ಛಾವಣಿಯ ಹನಿಗಳು ಒಂದೊಂದಾಗಿ ಕಾಣುತ್ತಿದ್ದವು.

"ಏ ಹುಡುಗಿ, ನನ್ನ ಬೆನ್ನುಜ್ಜು ಬಾ. ಆಮೇಲೆ ನಿಂದು ಉಜ್ತೀನಿ," ಎಂದು ಗುರುತಿಲ್ಲದ ಅಜ್ಜಿಯೊಬ್ಬರು ಒರಟು ಬಟ್ಟೆ ಚಾಚಿದರು. ಅವರ ಬೆನ್ನಿನ ಸುಕ್ಕು, ಮಚ್ಚೆ, ಹಳೆಯ ಗಾಯದ ಗೆರೆ ಎಲ್ಲವೂ ಕಂಡು ನನ್ನ ಕೈ ನಿಂತಿತು.

"ಏನೇ, ಮಚ್ಚೆ ಎಣಿಸ್ತಿದೀಯಾ?"

"ಎಷ್ಟು ಚೆನ್ನಾಗಿದೆ ಅಜ್ಜಿ, ನಿಮ್ಮ ಬೆನ್ನು!"

"ನಾಲ್ಕು ಮಕ್ಕಳನ್ನ ಹೊತ್ಕೊಂಡು ಓಡಾಡಿದ ಬೆನ್ನು ಕಣೇ. ಹೊಗಳಿದ್ದು ಸಾಕು, ಉಜ್ಜು."

ಇಪ್ಪತ್ತು ವರ್ಷ, ಪ್ರತಿ ಭಾನುವಾರ ನಿನ್ನ ಬೆನ್ನುಜ್ಜಿದೆ. ನನ್ನ ಕನ್ನಡಕ ಹೊರಗೆ, ಬಟ್ಟೆ ಬಿಚ್ಚಿಡುವ ಪೆಟ್ಟಿಗೆಯಲ್ಲಿರುತ್ತಿತ್ತು. ನನಗೆ ನಿನ್ನ ಬೆನ್ನೆಂದರೆ ಬೆಚ್ಚಗಿನ ಒಂದು ಮಸುಕು ಬಿಳುಪು.

ಅಜ್ಜಿ ಸಾಕೆಂದರೂ ನಾನು ಬೆರಳಗಲವನ್ನೂ ಬಿಡದೆ, ನೋಡಿ ನೋಡಿ ಉಜ್ಜಿದೆ.