ಅಳಿಯನ ಪರವಾಗಿ ಹಿಡಿದ ವೀಳ್ಯ

ತುರುವೇಕೆರೆ
ಭಾನುವಾರ, ೯ ಫೆಬ್ರವರಿ ೨೦೨೫

ಪ್ರೀತಿಯ ಭುವನ್‌ಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಆರೋಗ್ಯ ಹೇಗಿದೆ? ಕಳೆದ ತಿಂಗಳು ಬೆಂಗಳೂರಿನಲ್ಲಿ ನಿನ್ನನ್ನು ನೋಡಿದಾಗ ಒಣ ಕೆಮ್ಮು ಇತ್ತು. ಹಗಲೆಲ್ಲ ಟೈಲರ್ ಅಂಗಡಿಯ ಬಟ್ಟೆಧೂಳು, ವಾರದ ಕೊನೆಯಲ್ಲಿ ಆ ಬಾರಿನ ಹೊಗೆ. ಕೆಮ್ಮು ಬಾರದೆ ಇನ್ನೇನಾದೀತು. ಮೆಣಸಿನ ಕಷಾಯ ಮಾಡಿಕೊಂಡು ಕುಡಿ. ನಾನು ಕ್ಷೇಮ, ಮಂಡಿನೋವು ಮಾತ್ರ ಚಳಿ ಕಳೆದರೂ ಹೋಗಿಲ್ಲ. ನಿನ್ನ ಅಮ್ಮ ಸರ್ವಮಂಗಳ ಗಟ್ಟಿಯಾಗಿದ್ದಾಳೆ. ನೀನು ಹೆಣ್ಣುವೇಷದಲ್ಲಿ ಕುಣಿದ ಆ ವಿಡಿಯೊ ಅವಳ ಫೋನಿಗೂ ಬಂತು. ಅಳುತ್ತಾಳೆ ಎಂದುಕೊಂಡು ನಾನು ಓಡಿಹೋದರೆ, ಅವಳು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿ, "ನೆರಿಗೆ ಮ್ಯಾಲಾಗದೆ ಕಣಣ್ಣ, ಸೀರೆ ಉಡ್ಸಕ್ಕೆ ಒಬ್ರೂ ಇರ್ಲಿಲ್ವಾ ಅಲ್ಲಿ?" ಎಂದಳು. ಅಷ್ಟೇ. ಆಮೇಲೆ ಎದ್ದು ದನಕ್ಕೆ ನೀರಿಟ್ಟಳು.

ಫೋನು ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ಕಾರಣವಿದೆ. ಫೋನಿನಲ್ಲಾದರೆ ಎರಡನೆಯ ಮಾತಿಗೇ "ಬುಡು ಮಾವ" ಎಂದು ನಗುತ್ತೀ. ಈ ಸಲ ನಾನು ಹೇಳುವುದನ್ನು ಕೊನೆಯವರೆಗೆ ಕೇಳಬೇಕು. ಅಂದು ಬಾರಿನಲ್ಲಿ ನಿನ್ನ ಪ್ರದರ್ಶನ ಮುಗಿದ ಮೇಲೆ, ಬಣ್ಣ ಒರೆಸಿಕೊಳ್ಳುತ್ತಾ ನೀನು "ಹೆಂಗಿತ್ತು ಮಾವ?" ಎಂದು ಕೇಳಿದೆ. ನಾನು ಉತ್ತರ ಕೊಡದೆ ತಿಪಟೂರಿನ ಬಸ್ಸು ಹತ್ತಿದೆ. ಊರೂರಿಗೆ ಹೋಗಿ ಪೌರಾಣಿಕ ನಾಟಕ ಕಲಿಸಿದ ಮೇಷ್ಟ್ರು, ನಿನಗೆ ಹೆಜ್ಜೆ ಹಾಕಿಸಿದವನು, ಹಾಗೆ ಬಾಯಿಗೆ ಬೀಗ ಹಾಕಿಕೊಂಡು ಬಂದದ್ದು ತಪ್ಪು. ಆ ಉತ್ತರವನ್ನು ಈಗ ಬರೆಯುತ್ತೇನೆ.

ನಿಜ ಹೇಳುತ್ತೇನೆ, ನನಗೆ ಅಲ್ಲಿ ಅಸಹ್ಯವಾಯಿತು. ಕಾಲಿಗೆ ಅಂಟುವ ನೆಲ, ಎದೆಗೂಡು ಅದುರಿಸುವ ಸದ್ದು, ಮೈಕು ಹಿಡಿದವನ ಹೊಲಸು ಮಾತು. ಯಾರೋ ಎಂದೋ ಹಾಡಿದ ಹಾಡಿಗೆ ನೀನು ತುಟಿಯನ್ನು ಮಾತ್ರ ಆಡಿಸುತ್ತಿದ್ದೆ. ಹಾರ್ಮೋನಿಯಂ ಮುಂದೆ ಕೂರಿಸಿಕೊಂಡು ನಿನ್ನ ಗಂಟಲು ತಿದ್ದಿದವನಿಗೆ ಅದನ್ನು ನೋಡುವುದು ಸುಲಭವಾಗಿರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಹೇಸಿಗೆಯಾದದ್ದು, ಒಬ್ಬ ಕುಡುಕ ನಿನ್ನ ರವಿಕೆಯೊಳಗೆ ನೋಟು ತುರುಕಿದಾಗ ನೀನು ನಕ್ಕದ್ದು. ಆ ನಗುವನ್ನು ನಾನು ಬಲ್ಲೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನಾನು ಸ್ತ್ರೀಪಾತ್ರ ಮಾಡುತ್ತಿದ್ದಾಗ, ಬಣ್ಣದ ಮನೆಗೆ ನುಗ್ಗಿ ಸೊಂಟ ಚಿವುಟುತ್ತಿದ್ದ ದೊಡ್ಡ ಮನುಷ್ಯರ ಮುಂದೆ ನಾನೂ ಹಾಗೆಯೇ ನಗುತ್ತಿದ್ದೆ. ನೀನು ಇಪ್ಪತ್ತು ತುಂಬಿದ ವರ್ಷ ನಮ್ಮೂರ ನಾಟಕದಲ್ಲಿ ಸಖಿಯ ಪಾತ್ರ ಮಾಡಿ, ಅದೇ ದೂರನ್ನು ನನ್ನ ಹತ್ತಿರ ತಂದೆ. "ಕಲೆ ಅಂದ್ಮೇಲೆ ಇವೆಲ್ಲ ಇರ್ತವೆ, ಸಹಿಸ್ಕೋ ಕಣಪ್ಪ" ಎಂದು ಕಳಿಸಿದೆನಲ್ಲ, ಆ ಮಾತನ್ನು ನೆನೆದರೆ ಇಂದು ನನ್ನ ಮೇಲೆಯೇ ನನಗೆ ಹೇಸಿಗೆಯಾಗುತ್ತದೆ.

ಆದರೂ ಉತ್ತರ ಅಲ್ಲಿಗೆ ಮುಗಿಯುವುದಿಲ್ಲ. 'ಮಿಸ್ ತಿಪಟೂರು' ಎಂದು ನಿನ್ನನ್ನು ಕೂಗಿದಾಗ ಆ ಸಭೆ ಎದ್ದು ನಿಂತಿತು. ಹಾಡು ನಿಲ್ಲಿಸಿ, ನಮ್ಮ ಸಂತೆಯ ಅಕ್ಕಂದಿರ ರಾಗದಲ್ಲಿ ನೀನು, "ನನ್ ಗಂಡ ಥೇಟ್ ಕೊಬ್ಬರಿ ಕಣೇ, ಅಟ್ಟದ ಮ್ಯಾಲೆ ವರ್ಷ ಒಣಗಿದ್ಮೇಲೇ ಅವನ್ಗೊಂದು ಬೆಲೆ" ಎಂದೆ. ನಾನು ನಕ್ಕುಬಿಟ್ಟೆ. ನಗಬಾರದೆಂದು ತುಟಿ ಕಚ್ಚಿಕೊಂಡರೂ ನಗು ಬಂತು. ನಮ್ಮ ನಾಟಕದಲ್ಲಿ ಸ್ತ್ರೀವೇಷದವನೊಳಗಿನ ಗಂಡಸನ್ನು ಜನ ಮರೆತರೆ ಅದೇ ಗೆಲುವು. ಅಲ್ಲಿ ಯಾರೂ ಮರೆಯುವುದಿಲ್ಲ. ಗಂಡಸೂ ಕಾಣಬೇಕು, ಹೆಂಗಸೂ ಕಾಣಬೇಕು, ಎರಡೂ ಒಂದನ್ನೊಂದು ರೇಗಿಸಬೇಕು. ಇದೂ ಒಂದು ವಿದ್ಯೆಯೇ ಎಂಬುದು ನನಗೆ ಆ ಗಳಿಗೆಯಲ್ಲಿ ತಿಳಿಯಿತು. ನನ್ನ ಪಕ್ಕದಲ್ಲಿ ನಲವತ್ತು ದಾಟಿದವರೊಬ್ಬರು ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಆಫೀಸಿನ ಬ್ಯಾಗು. ಇಲ್ಲಿಗೆ ಯಾಕೆ ಬರುತ್ತೀರೆಂದು ಮೇಷ್ಟ್ರ ಚಾಳಿಯಲ್ಲಿ ಕೇಳಿಯೇಬಿಟ್ಟೆ. "ಸಾರ್, ವಾರವೆಲ್ಲ ಕೈ ಹೇಗಾಡಿಸ್ತೀನಿ, ಹೇಗೆ ನಡೀತೀನಿ ಅಂತ ನೋಡ್ಕೊಂಡಿರ್ತೀನಿ. ಇಲ್ಲಿ ಮೂರು ಗಂಟೆ ನೋಡ್ಕೋಬೇಕಾಗಿಲ್ಲ" ಎಂದರು. ನಲವತ್ತು ವರ್ಷ ನಾಟಕ ಆಡಿಸಿದ್ದೇನೆ, ಭುವನ್. ನನ್ನ ಯಾವ ನಾಟಕವಾದರೂ ಒಬ್ಬನಿಗಾದರೂ ಅಂಥ ಮೂರು ಗಂಟೆ ಕೊಟ್ಟಿತೇ ಎಂದು ನನಗೆ ಗೊತ್ತಿಲ್ಲ.

ಈಗ ಊರಿನ ಸಂಗತಿ. ಆ ವಿಡಿಯೊ ಬಂದ ದಿನ, ನಮ್ಮ ನಾಟಕ ಮಂಡಳಿಯ ಅಧ್ಯಕ್ಷ ಕಲ್ಲೇಶನ ಕೊಬ್ಬರಿ ಗೋದಾಮಿನಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. "ಥೂ, ಅಸಹ್ಯ" ಎನ್ನುವುದು, ಮತ್ತೆ ಮೊದಲಿಂದ ಹಾಕುವುದು. "ಎಂಥಾ ಮನೆತನ" ಎನ್ನುವುದು, ನಿನ್ನ ಸೊಂಟ ಕಾಣುವಲ್ಲಿ ನಿಲ್ಲಿಸಿ ಬೆರಳಿನಿಂದ ಹಿಗ್ಗಿಸುವುದು. ಹೀಗಿರುವಾಗ ಎಂಟು ದಿನ ಕಳೆದು ಕಲ್ಲೇಶ ನಮ್ಮ ಜಗಲಿಗೆ ಬಂದ. "ಮೇಷ್ಟ್ರೇ, ಹೊರಗಿಂದ ಹೆಣ್ಮಕ್ಳನ್ನ ಕರ್ಸೋದ್ಯಾಕ್ರೀ? ನಿಮ್ಮಳಿಯ ಅವ್ನಲ್ಲ, ಊರ್ ಹುಡ್ಗ. ಈ ಸಲ ರಾಣಿ ಪಾತ್ರ ಅವನ್ಗೇ ಕೊಡಾನ" ಎಂದ. ನನ್ನ ಕಣ್ಣು ತುಂಬಿತು. ಊರು ಬದಲಾಯಿತು ಎಂದು ನಂಬಿದೆ. ನಮ್ಮಲ್ಲಿಯ ಪದ್ಧತಿ ನಿನಗೆ ಗೊತ್ತು: ಪಾತ್ರ ಹಂಚುವ ದಿನ ದೇವರ ಮುಂದೆ ವೀಳ್ಯ ಹಿಡಿದವನು ಹಿಂದೆ ಸರಿಯುವಂತಿಲ್ಲ, ಅವನು ಊರಲ್ಲಿಲ್ಲದಿದ್ದರೆ ರಕ್ತಸಂಬಂಧಿಯೊಬ್ಬ ಹಿಡಿಯಬಹುದು, ಆದರೆ ಆ ಪಾತ್ರ ರಂಗಕ್ಕೆ ಬರುವ ಹೊಣೆ ಹಿಡಿದ ಕೈಯದು. ನಿನ್ನ ಪರವಾಗಿ ಎಲೆ, ಅಡಿಕೆ, ತೆಂಗಿನಕಾಯಿಗಳನ್ನು ನಾನು ಎರಡೂ ಕೈಯಲ್ಲಿ ಹಿಡಿದೆ. ಅಂದು ಫೋನಿನಲ್ಲಿ ಹೇಳಿದಾಗ ನೀನು, "ನಿಜವಾಗ್ಲೂ ನನ್ನನ್ನೇ ಕರೆದ್ರಾ, ಮಾವ?" ಎಂದೆ. ನಾನು ಹೌದು ಎಂದೆ. ನೀನು ರಜೆ ಹಾಕಿದೆ.

ನಿನ್ನೆ ತಬಲದ ಸಣ್ಣತಿಮ್ಮಯ್ಯ ತಾಲೀಮು ಮುಗಿದ ಮೇಲೆ ನನ್ನನ್ನು ತೋಟದ ಬೇಲಿಯವರೆಗೆ ಕರೆದುಕೊಂಡು ಹೋದ. ತುಂಬಿದ ಸಭೆಯಲ್ಲಿ ರಾಣಿಯ ಸೀರೆ ಎಳೆಯುವ ದೃಶ್ಯವನ್ನು ನಾವು ಹೇಗೆ ಆಡುತ್ತೇವೆ? ಒಂದಕ್ಕೊಂದು ಹೊಲಿದ ಆರು ಸೀರೆಗಳನ್ನು ಮೇಲೆ ಸುತ್ತಿರುತ್ತೇವೆ. ಒಳಗಿನ ಸೀರೆಗೆ ಬೇರೆಯೇ ಗಂಟು. ಎಳೆಯುವವನು ಮೇಲಿನ ಸೆರಗನ್ನು ಮಾತ್ರ ಮುಟ್ಟಬೇಕು. ಆ ದೃಶ್ಯವೆಲ್ಲ ನಿಂತಿರುವುದು ಇಬ್ಬರು ನಟರ ನಡುವಿನ ನಂಬಿಕೆಯ ಮೇಲೆ. ಎಳೆಯುವ ಪಾತ್ರ ಕಲ್ಲೇಶನ ತಮ್ಮನ ಮಗ ರವಿಕಿರಣನದು. "ಮೇಷ್ಟ್ರೇ, ಆ ಹುಡ್ಗನ್ನ ಬರ್ಬ್ಯಾಡ ಅನ್ರೀ" ಎಂದ ಸಣ್ಣತಿಮ್ಮಯ್ಯ. "ಒಳಗಿನ್ ಗಂಟು ಯಾವ್ ಕಡೆ ಬತ್ತದೆ ಅಂತ ರವಿಕಿರಣ ನನ್ನನ್ನೇ ಕೇಳ್ದ. ಮುಂದಿನ್ ಸಾಲಲ್ಲಿ ಫೋನ್ ಹಿಡ್ಕೊಂಡು ಎಂಟ್ ಜನ ಕೂರ್ತಾರಂತೆ. ಮಿಸ್ ತಿಪಟೂರು ಏನು ಅಂತ ತೋರ್ಸ್ತೀವಿ ಅಂತ ಬೆಟ್ ಕಟ್ಟವ್ರೆ ಕಣ್ರೀ."

ನಾನು ಬೇಲಿ ಹಿಡಿದುಕೊಂಡು ಅಲ್ಲೇ ವಾಂತಿ ಮಾಡಿಕೊಂಡೆ. ಆ ಬಾರಿನ ನೆಲಕ್ಕೆ, ಆ ಹೊಲಸು ಮಾತಿಗೆ ಹೇಸಿದ್ದೆನಲ್ಲ. ಅಲ್ಲಿ ಕುಡಿದವರೂ ನಿನ್ನನ್ನು ನೋಡಲೆಂದು ಬಂದವರು. ಇಲ್ಲಿ ಹಣೆತುಂಬ ವಿಭೂತಿ ಹಚ್ಚಿಕೊಂಡು, ದೇವರ ಹೆಸರಿನಲ್ಲಿ ವೀಳ್ಯ ಕೊಟ್ಟು ಕರೆಯುವುದು ಬೆತ್ತಲೆ ಮಾಡುವುದಕ್ಕೆ. ರವಿಕಿರಣ ಹೈಸ್ಕೂಲಿನಲ್ಲಿ ಮೂರು ವರ್ಷ ನನ್ನ ಶಿಷ್ಯ. ಪದ್ಯ ಹೇಳುವಾಗ ನಾಲಿಗೆ ತಡವರಿಸಿದರೆ ಅತ್ತುಬಿಡುತ್ತಿದ್ದ ಹುಡುಗ. ಅವನನ್ನು ಹೀಗೆ ಮಾಡಿದವರ ಪಟ್ಟಿಯಲ್ಲಿ, ಚಿವುಟಿದ ಕೈಗಳನ್ನು ಕಂಡೂ ಸುಮ್ಮನಿದ್ದ ನನ್ನ ಹೆಸರೂ ಇದೆ.

ಆದ್ದರಿಂದ ಇಪ್ಪತ್ತೆರಡರ ಶನಿವಾರ ನಾಟಕಕ್ಕೆ ನೀನು ಬರಕೂಡದು. ಇದು ನಿನ್ನನ್ನು ದೂರ ಇಡುವ ಮಾತಲ್ಲ. ನಿನ್ನ ವೇಷಕ್ಕೆ ನಾಚಿ ಹೇಳುವ ಮಾತೂ ಅಲ್ಲ. ಊರು ಕರೆಯಿತೆಂದು ಹಿಗ್ಗಿಸಿದವನು ನಾನು, ಆ ಹಿಗ್ಗನ್ನು ಮುರಿಯುತ್ತಿರುವವನೂ ನಾನೇ, ಕ್ಷಮಿಸು. ಯುಗಾದಿಗೆ ಬಾ, ಅಮ್ಮನ ಕೈಯ ಹೋಳಿಗೆ ತಿನ್ನು. ಆ ಬಾರಿನಲ್ಲಿ ಇನ್ನು ಮೇಲೆ ನಿನ್ನದೇ ಗಂಟಲಿನಲ್ಲಿ ಹಾಡು. ಅವರಿಗೆ ಅದೂ ಹಿಡಿಸುತ್ತದೆ ಎಂಬ ಭರವಸೆ ನನಗಿದೆ. ನೋಟು ಕೊಡುವವನಿಗೆ ಕೈ ಚಾಚು, ರವಿಕೆ ಬೇಡ.

ಸಿದ್ಧರಾಮೇಶ್ವರ ನಿನ್ನನ್ನು ಕಾಯಲಿ. ಅಮ್ಮ ನೆನೆಯುತ್ತಿದ್ದಾಳೆ.

ನಿನ್ನ ಮಾವ,
ಸದಾಶಿವಯ್ಯ

ಮತ್ತೆ ಬರೆದದ್ದು: ಲಕೋಟೆ ಅಂಟಿಸುವ ಮೊದಲು ಇದೊಂದು. ವೀಳ್ಯವನ್ನು ಹಿಂದಿರುಗಿಸಿಲ್ಲ. ಹಿಡಿದ ಕೈ ನನ್ನದಾದ್ದರಿಂದ ರಾಣಿಯ ಪಾತ್ರವನ್ನು ನಾನೇ ಮಾಡುತ್ತೇನೆ. ಅವರಿಗೆ ಇನ್ನೂ ಹೇಳಿಲ್ಲ. ಅರವತ್ತೆಂಟರ ಮೇಷ್ಟ್ರ ಮುಖ ನೋಡಿಕೊಂಡು ರವಿಕಿರಣ ಆ ಒಳಗಂಟಿಗೆ ಕೈ ಹಾಕಲಾರ ಎಂದು ನಂಬಿದ್ದೇನೆ. ಹಾಕಿದರೆ ಎಂಟು ಫೋನುಗಳೂ ಅವನನ್ನೇ ಹಿಡಿಯಲಿ. ಬೆಳಿಗ್ಗೆ ಮೀಸೆ ತೆಗೆಸಿದೆ. ಕಲ್ಲೇಶ ಎದುರಾಗಿ, "ಯಾರ್ ಹೋಗ್ಬುಟ್ರು ಮೇಷ್ಟ್ರೇ?" ಎಂದ. ನಾಟಕದ ದಿನ ಗೊತ್ತಾಗುತ್ತದೆ ಎಂದೆ. ನನಗೆ ತುರ್ತಾಗಿ ಬೇಕಾದದ್ದು: ಬಿಳಿ ಗಡ್ಡದ ಬೇರು ಕಾಣದಂತೆ ಮುಚ್ಚಲು ನೀನು ಯಾವ ಬಣ್ಣ ಹಚ್ಚುತ್ತೀ? ಹದಿನೆಂಟರೊಳಗೆ ಬರೆದು ತಿಳಿಸು.